ಕೆಳಗೇನೋ ಕಮ್ಮಿ

ಜೂನ್ 4, ಬುಧವಾರ

ನಾದಿನಿ ಫೋನ್ ಮಾಡಿದ್ದಳು. ತಿಂಗಳ ಕೊನೆಯ ಭಾನುವಾರ ಕಾರು ತಂದು ಅತ್ತೆಯನ್ನು ತನ್ನ ಊರಿಗೆ ಕರೆದುಕೊಂಡು ಹೋಗುತ್ತಾಳೆ. ಎಲ್ಲ ತೀರ್ಮಾನವಾಯಿತು.

"ಅಮ್ಮನಿಗೆ ಅಂತ ಹಿಂದಿನ ರೂಮಿಗೆ ಬಣ್ಣ ಹೊಡೆಸ್ತಾ ಇದೀವಿ ಅತ್ತಿಗೆ. ಅಣ್ಣ ಇದ್ದಾಗ ಸರಿ. ಈಗ ನಿಮ್ಮಿಬ್ಬರನ್ನ ಒಂದೇ ಸೂರಿನಡಿ ಬಿಟ್ರೆ ನನಗೆ ನಿದ್ದೆ ಬರಲ್ಲ," ಎಂದು ನಕ್ಕಳು. ನಾನೂ ನಕ್ಕೆ. ತಮಾಷೆಯಲ್ಲ, ನಿಜವೇ. ಮದುವೆಯಾದಾಗಿನಿಂದ ಅತ್ತೆಗೂ ನನಗೂ ಎಣ್ಣೆ ಸೀಗೆಕಾಯಿ. ಜಗಳವಾಡಿದ್ದು ಕಡಿಮೆ, ಮಾತಾಡಿದ್ದು ಅದಕ್ಕಿಂತ ಕಡಿಮೆ. ಹೇಳಬೇಕಾದದ್ದನ್ನೆಲ್ಲ ಇಬ್ಬರೂ ಇವರಿಗೆ ಹೇಳುತ್ತಿದ್ದೆವು. ಇವರು ನಡುವೆ ನಿಂತು ಅರ್ಧ ನುಂಗಿ ಅರ್ಧ ದಾಟಿಸುತ್ತಿದ್ದರು. ಈಗ ನಾಲ್ಕು ತಿಂಗಳಿಂದ ದಾಟಿಸುವವರಿಲ್ಲ. ಮನೆಯಲ್ಲಿ ಪಾತ್ರೆ ಸದ್ದೊಂದೇ.

ಅತ್ತೆಗೆ ವಿಷಯ ಹೇಳಿದೆ. "ಹೂಂ. ಒಳ್ಳೇದಾಯ್ತು ಬಿಡು, ನಿನಗೂ ಹಗುರ," ಅಂದರು. ನಿಜ ಹೇಳಬೇಕೆಂದರೆ ನನಗೂ ಉಸ್ಸಪ್ಪ ಅನ್ನಿಸಿತು. ನಾನು ಕೆಲಸ ಮಾಡುವ ಕನ್ನಡಕದ ಅಂಗಡಿಯ ಹತ್ತಿರ ಒಂದು ಚಿಕ್ಕ ಮನೆ ನೋಡಿಕೊಂಡರೆ ದಿನಾ ಬಸ್ಸಿನ ಗೋಳು ತಪ್ಪುತ್ತದೆ. ಒಬ್ಬಳಿಗೆ ಎಷ್ಟು ಜಾಗ ಬೇಕು?

ಚಿಕ್ಕ ಮನೆ ಅಂದಮೇಲೆ ಇವರ ಸ್ಟೀರಿಯೋ ಸೆಟ್ಟು ಹೋಗಲೇಬೇಕು. ಟೇಪುವಿಗೆ ಹೇಳಿದೆ. ಇವರ ಗೆಳೆಯ, ಬಾಯಿ ಬಿಟ್ಟರೆ ಟೇಪ್ ರೆಕಾರ್ಡರಿನ ಹಾಗೆ ಓಡುತ್ತಾನೆಂದು ಕಾಲೇಜಿನಲ್ಲಿ ಇಟ್ಟ ಹೆಸರು, ಈಗ ಅವನ ಹೆಂಡತಿಯೂ ಹಾಗೇ ಕರೆಯುತ್ತಾಳೆ. ಆಗಲೇ ಗಿರಾಕಿ ಹುಡುಕಿದ್ದಾನೆ, ಯಾವುದೋ ವ್ಯಾಯಾಮಶಾಲೆಯ ಮಾಲೀಕ. "ಬಿಡಿಬಿಡಿ ಬೇಡ್ವಂತೆ ಅತ್ತಿಗೆ. ಆ ಸಬ್‌ವೂಫರ್ ಇದೆಯಲ್ಲ, ಅದನ್ನೂ ಕೂಡಿಸಿ, ಹೊಂದಿಸಿ, ಓಡಿಸಿ ತೋರಿಸಿದ್ರೇ ತಗೋತಾನಂತೆ."

ಸಬ್‌ವೂಫರ್ ಇನ್ನೂ ಡಬ್ಬದಲ್ಲೇ ಇದೆ. ದಪ್ಪ ದನಿಗೆಂದೇ ಮಾಡಿದ ಸ್ಪೀಕರಂತೆ ಅದು. ಹೋದ ವರ್ಷ ಇವರು ಅದನ್ನು ಹೊತ್ತು ತಂದು, ನಾಳೆ ಕೂಡಿಸ್ತೀನಿ ನಾಳೆ ಕೂಡಿಸ್ತೀನಿ ಅನ್ನುತ್ತಿರುವಾಗಲೇ ಆಸ್ಪತ್ರೆಯ ಓಡಾಟ ಶುರುವಾಯಿತು. ಒಗೆದ ಬಟ್ಟೆ ಮಡಿಸಿಡಲು ಆ ಡಬ್ಬ ಹೇಳಿ ಮಾಡಿಸಿದ ಹಾಗಿತ್ತು.

ಜೂನ್ 8, ಭಾನುವಾರ

ಸೊಂಟ ಹಿಡಿದಿದೆ.

ಡಬ್ಬ ಎಳೆದು ತಂದು ಹಾಲ್‌ನಲ್ಲಿ ಬಿಚ್ಚಿದೆ. ಒಳಗೆ ಕರಿಯ ಚೌಕ ಪೆಟ್ಟಿಗೆ, ಮುಂದೆ ದುಂಡಗೆ ತಟ್ಟೆಯಷ್ಟು ಅಗಲದ ಒಂದೇ ಕಣ್ಣು. ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

"ಏನದು, ಒಲೆನಾ?"

"ಸ್ಪೀಕರ್ ಅತ್ತೆ."

"ಇರೋ ಎರಡು ಸಾಲದಾ?"

ಇದೇ ಮಾತನ್ನು ನಾನು ಇವರಿಗೆ ಹೇಳಿದ್ದೆ. ಆದರೆ ಅತ್ತೆಯ ಬಾಯಲ್ಲಿ ಬಂದಾಗ ಯಾಕೋ ಚುಚ್ಚಿತು. "ನಿಮ್ಮ ಮಗ ತಂದದ್ದು, ಅವರನ್ನೇ ಕೇಳಬೇಕಿತ್ತು," ಎಂದೆ. ಅತ್ತೆ ಒಳಗೆ ಹೋದರು.

ಟೇಪು ಸಂಜೆ ಬಂದ. ನಮ್ಮ ಆಂಪ್ಲಿಫೈಯರ್ ಹಳೆಯ ಕಾಲದ್ದು, ಸಬ್‌ವೂಫರಿಗೆಂದು ಬೇರೆ ತೂತಿಲ್ಲ. ಆದ್ದರಿಂದ ಎರಡು ಸ್ಪೀಕರುಗಳಿಗೆ ಹೋಗುವ ವೈರುಗಳ ಜೊತೆಗೇ ಇನ್ನೆರಡು ಜೊತೆ ವೈರು ಬಿಗಿದು ಇದಕ್ಕೆ ಕೊಟ್ಟ. ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು. ಕರೆಂಟು ಮಾತ್ರ ಇದಕ್ಕೆ ಬೇರೆಯಾಗಿ ಬೇಕು. ಎಲ್ಲ ಮುಗಿಸಿ, ಪೆಟ್ಟಿಗೆಯನ್ನು ಕಾಲಿನಲ್ಲೇ ತಳ್ಳಿ ಮೂಲೆಗೆ ಸೇರಿಸಿ, "ನೋಡಿ ಈಗ" ಎಂದು ಒಂದು ಹಳೆಯ ಸಿನಿಮಾ ಹಾಡು ಹಾಕಿದ.

ಹಾಡು ಎಲ್ಲಿ ಕೇಳಬೇಕು! ಗುಂಯ್ಯೆಂದು ಇಡೀ ಹಾಲ್ ತುಂಬಿಕೊಂಡಿತು. ಕಿಟಕಿಯ ಗಾಜು ಗಡಗಡ. ಹಾಡುವವಳು ಯಾವುದೋ ಡ್ರಮ್ಮಿನೊಳಗೆ ಬಿದ್ದು ಕೂಗಿಕೊಂಡ ಹಾಗಿತ್ತು. ಎರಡು ನಿಮಿಷದಲ್ಲಿ ಕೆಳಮನೆಯ ಮೇಷ್ಟ್ರು ಬಾಗಿಲು ಬಡಿದರು. ನಿವೃತ್ತ ಗಣಿತದ ಮೇಷ್ಟ್ರು, ಎಂದೂ ಮೆಟ್ಟಿಲು ಹತ್ತಿದವರಲ್ಲ.

"ನೋಡೀಮ್ಮಾ, ನಮ್ಮನೆ ಶೆಲ್ಫಿನಲ್ಲಿರೋ ಲೋಟಗಳೆಲ್ಲ ಒಂದಕ್ಕೊಂದು ಮಾತಾಡ್ತಾ ಇವೆ. ಏನಾದ್ರೂ ಒಡೆದುಹಾಕ್ತಾ ಇದೀರಾ?"

ಟೇಪು ಆರಿಸಿದ. ಆಮೇಲೆ ನಾನು ನೋಡಿದ್ದು: ಅತ್ತೆ ಒಳಬಾಗಿಲ ಚೌಕಟ್ಟಿಗೆ ಅಂಗೈ ಒತ್ತಿಕೊಂಡು ನಿಂತಿದ್ದರು. ಅವರಿಗೆ ಕಿವಿ ಮಂದ. ಕಿವಿಯ ಯಂತ್ರ ತಂದುಕೊಟ್ಟರೂ ಡಬ್ಬಿ ಬಿಟ್ಟು ಹೊರಗೆ ಬಂದಿಲ್ಲ. "ಮೆಷಿನ್ ಶುರುವಾಯ್ತು," ಅಂದರು. ಯಾರಿಗೂ ಹೇಳಿದ್ದಲ್ಲ.

"ಯಾವ ಮೆಷಿನ್ ಅತ್ತೆ?"

"ಏನಿಲ್ಲ ಬಿಡು."

ಜೂನ್ 11, ಬುಧವಾರ

ಅಂಗಡಿಯಲ್ಲಿ ತಲೆ ಚಿಟ್ಟು ಹಿಡಿಯಿತು. ಬೆಳಿಗ್ಗೆಯಿಂದ ಸಂಜೆವರೆಗೆ ಜನರ ಕಣ್ಣಿನ ಮುಂದೆ ಗಾಜು ಬದಲಿಸುತ್ತ "ಇದಾ? ಇದಾ?" ಎಂದು ಕೇಳುವುದೇ ಕೆಲಸ. ಮಧ್ಯಾಹ್ನ ಟೇಪುವಿನ ಫೋನು. ಮೂಲೆಯಲ್ಲಿಟ್ಟರೆ ಗುಂಯ್‌ಗುಡುವುದು ಸಹಜವಂತೆ. ಸರಿಯಾದ ಜಾಗ ಹುಡುಕುವುದಕ್ಕೆ ಒಂದು ಉಪಾಯವಿದೆ: ಪೆಟ್ಟಿಗೆಯನ್ನು ಕೇಳುವವರು ಕೂರುವ ಕುರ್ಚಿಯ ಮೇಲಿಟ್ಟು ಹಾಡು ಹಾಕಿ, ನಾವು ಗೋಡೆಯ ಸುತ್ತ ಅಂಬೆಗಾಲಿಡಬೇಕು. ಎಲ್ಲಿ ಬೇಸ್, ಅಂದರೆ ಆ ದಪ್ಪ ದನಿ, ಹದವಾಗಿ, ಬಿಡಿಸಿಕೊಂಡು ಕೇಳುತ್ತದೋ ಅಲ್ಲಿ ಪೆಟ್ಟಿಗೆ ಇಡಬೇಕು.

"ಯಾರು ಅಂಬೆಗಾಲಿಡೋದು?" ಎಂದೆ.

"ನನಗೆ ಹೊಟ್ಟೆ ಅಡ್ಡ ಬರುತ್ತೆ ಅತ್ತಿಗೆ," ಎಂದ.

ಜೂನ್ 15, ಭಾನುವಾರ

ಇವರ ಕುರ್ಚಿಯಲ್ಲಿ ಇಷ್ಟು ದಿನ ಯಾರೂ ಕೂತಿರಲಿಲ್ಲ. ಮೊದಲು ಕೂತದ್ದು ಆ ಕರಿ ಪೆಟ್ಟಿಗೆ.

ಅತ್ತೆ ಮಲಗಿರುತ್ತಾರೆಂದು ಮಧ್ಯಾಹ್ನದ ಹೊತ್ತು ನೋಡಿ ಬಾಗಿಲು ಹಾಕಿಕೊಂಡು ಶುರುಮಾಡಿದೆ. ಸೀರೆ ಎತ್ತಿ ಕಟ್ಟಿ, ಮಂಡಿಯೂರಿ, ನೆಲಕ್ಕೆ ಕಿವಿ ಕೊಟ್ಟುಕೊಂಡು ಟಿ.ವಿ. ಸ್ಟ್ಯಾಂಡಿನಿಂದ ಹೊರಟೆ. ಮೂಲೆ ತಲುಪಿದಾಗ ಗುಂಯ್. ಒಂದು ಮೊಳ ಈಚೆ ಬಂದರೆ ಏನೂ ಇಲ್ಲ, ಕಿವಿಗೆ ಹತ್ತಿ ತುರುಕಿದ ಹಾಗೆ. ಇನ್ನೊಂದು ಮೊಳಕ್ಕೆ ಮತ್ತೆ ಬಂತು. ವಿಚಿತ್ರ. ಒಂದೇ ಹಾಲ್‌ನಲ್ಲಿ ಒಂದೇ ಹಾಡು ಒಂದು ಕಡೆ ಇದೆ, ಒಂದು ಕಡೆ ಇಲ್ಲ. ಸೋಫಾದ ಹಿಂದೆ ತೂರಿಕೊಂಡು ಹೊರಬರುವಾಗ ಎದುರಿಗೆ ಎರಡು ಪಾದ.

ತಲೆ ಎತ್ತಿದೆ. ಅತ್ತೆ.

"ಏನು ಕಳೆದುಕೊಂಡೆ?"

"ಏನೂ ಇಲ್ಲ ಅತ್ತೆ. ಬೇಸ್ ಹುಡುಕ್ತಾ ಇದೀನಿ."

ಅತ್ತೆ ಒಂದು ಕ್ಷಣ ನನ್ನನ್ನು ನೋಡಿದರು. ಕುರ್ಚಿಯ ಮೇಲೆ ಯಜಮಾನನ ಹಾಗೆ ಕೂತ ಪೆಟ್ಟಿಗೆಯನ್ನು ನೋಡಿದರು. ಮತ್ತೆ ನನ್ನನ್ನು ನೋಡಿದರು. ಬಾಯಿಗೆ ಸೆರಗು ಅಡ್ಡ ಹಿಡಿದರೂ ನಗು ನಿಲ್ಲಲಿಲ್ಲ. ಗೋಡೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ನನಗೆ ಮೊದಲು ಸಿಟ್ಟು ಬಂತು. ಆಮೇಲೆ ನಾನಿದ್ದ ಭಂಗಿ ನೆನೆದು ನಾನೂ ಅಲ್ಲೇ ಕುಕ್ಕರಿಸಿ ನಕ್ಕೆ. ಈ ಮನೆಯಲ್ಲಿ ನಾವಿಬ್ಬರೂ ಒಂದೇ ವಿಷಯಕ್ಕೆ ನಕ್ಕದ್ದು ನನಗೆ ನೆನಪಿಲ್ಲ.

"ಏಳು, ನಿನ್ನ ಮಂಡಿಗೆ ಆಗಲ್ಲ," ಎಂದು ಅತ್ತೆ ಮಣೆ ಎಳೆದುಕೊಂಡು ಗೋಡೆಯ ಹತ್ತಿರ ಕೂತರು. ಕಿವಿ ಕೊಡಲಿಲ್ಲ. ಅಂಗೈಯನ್ನು ನೆಲದ ಮೇಲೆ ಚಪ್ಪಟೆಯಾಗಿಟ್ಟರು. "ಇಲ್ಲಿ ಜಾಸ್ತಿ." ಮಣೆ ಸರಿಸಿದರು. "ಇಲ್ಲಿ ಸತ್ತುಹೋಯ್ತು." ಮತ್ತೆ ಸರಿಸಿದರು. ಪುಸ್ತಕದ ಕಪಾಟಿನ ಪಕ್ಕಕ್ಕೆ ಬಂದು ಬಹಳ ಹೊತ್ತು ಕೂತರು. "ಇಲ್ಲಿ ಇಡು."

ನಾನು ಕಿವಿ ಇಟ್ಟು ನೋಡಿದೆ. ಸರಿಯಾಗಿತ್ತು. ಒಂದೊಂದು ಸ್ವರವೂ ಬೇರೆ ಬೇರೆ.

"ನಿಮಗೆ ಹೇಗೆ ಗೊತ್ತಾಯ್ತು?"

ಆಗ ಹೇಳಿದರು. ಅತ್ತೆ ಮದುವೆಯಾಗಿ ಬಂದ ಮನೆ ಒಂದು ಅಚ್ಚುಕೂಟದ ಮೇಲಿತ್ತಂತೆ. ಮಾವ ಅಲ್ಲೇ ಮೆಷಿನ್ ಓಡಿಸುವವರು. ಬೆಳಿಗ್ಗೆ ಎಂಟಕ್ಕೆ ಕೆಳಗೆ ಮೆಷಿನ್ ಶುರುವಾದರೆ ಮೇಲೆ ನೆಲ, ಗೋಡೆ, ಮಂಚ, ನೀರಿನ ಕೊಡ ಎಲ್ಲ ಸಣ್ಣಗೆ ನಡುಗುತ್ತಿದ್ದವಂತೆ. ಬಂದ ಹೊಸದರಲ್ಲಿ ತಲೆಸುತ್ತು ಬಂದು ಬೀಳುವ ಹಾಗಾಗುತ್ತಿತ್ತು. ಆಮೇಲೆ ಆ ನಡುಕದಲ್ಲೇ ಕೆಳಗೆ ಏನಾಗುತ್ತಿದೆಯೆಂದು ತಿಳಿಯುತ್ತಿತ್ತು: ಕಾಗದ ಸಿಕ್ಕಿಕೊಂಡಿತು, ಈಗ ಮೆಷಿನ್ ನಿಲ್ಲಿಸಿದರು, ಈಗ ಗಂಡ ಚಹಾಕ್ಕೆ ಮೇಲೆ ಬರುತ್ತಾನೆ.

"ನಿನ್ನ ಗಂಡ ಹುಟ್ಟಿದ್ದು ಅದೇ ಮನೇಲಿ. ಮೆಷಿನ್ ಓಡ್ತಿದ್ರೆ ಮಗು ಕಲ್ಲಿನ ಹಾಗೆ ನಿದ್ದೆ. ರಜಾ ದಿನ ಮೆಷಿನ್ ನಿಲ್ಲೋದು, ಅವತ್ತು ಮನೆ ಹಾರಿಹೋಗೋ ಹಾಗೆ ಅಳು. ಯಾಕೆ ಅಳ್ತಾನೆ ಅಂತ ಯಾರಿಗೂ ಗೊತ್ತಾಗ್ಲಿಲ್ಲ. ನನಗೆ ಹೊಳೀತು. ತೊಡೆ ಮೇಲೆ ಹಾಕ್ಕೊಂಡು, ಬೆನ್ನಿನ ಮೇಲೆ ಹೀಗೆ..."

ಅತ್ತೆ ನೆಲದ ಮೇಲೆ ಅಂಗೈ ತಟ್ಟಿ ತೋರಿಸಿದರು. ಧಡಕ್, ಧುಂ. ಧಡಕ್, ಧುಂ.

"ಹಾಗೆ ಮೆಷಿನ್ ಲೆಕ್ಕದಲ್ಲಿ ತಟ್ಟಿದ್ರೆ ಸುಮ್ಮನಾಗೋನು. ನಡೆಯೋಕೆ ಕಲಿತ ಮೇಲೆ ನಾವು ಆ ಮನೆ ಬಿಟ್ವಿ. ಅವನಿಗೆ ಅದೆಲ್ಲ ಎಲ್ಲಿ ನೆನಪಿರುತ್ತೆ."

ಹಾಡು ಮುಗಿದಿತ್ತು. ಪೆಟ್ಟಿಗೆಯನ್ನು ಕುರ್ಚಿಯಿಂದ ಇಳಿಸಿ ಇಬ್ಬರೂ ಸೇರಿ ಕಪಾಟಿನ ಪಕ್ಕಕ್ಕೆ ತಳ್ಳಿದೆವು.

ಜೂನ್ 17, ಮಂಗಳವಾರ

ಕೆಳಗೇನೋ ಕಮ್ಮಿ. ಇವರ ಮಾತು ಅದು.

ಮದುವೆಯಾದ ಹೊಸದರಲ್ಲಿ ನಮ್ಮಿಬ್ಬರ ಪಾಲಿಗೆ ಇದ್ದದ್ದು ಒಂದು ಕೋಣೆ, ಒಂದು ಹಾಸಿಗೆ. ಮಂಚಕ್ಕೆಂದು ಕೂಡಿಸಿದ ದುಡ್ಡಿನಲ್ಲಿ ಇವರು ಈ ಜೋಡಿ ಸ್ಪೀಕರ್ ತಂದರು. ಮಂಡಿಯೆತ್ತರದ ಮರದ ಪೆಟ್ಟಿಗೆಗಳು, ಮುಂದೆ ಕಂದು ಬಟ್ಟೆ. ಮುಂದಿನ ಮಳೆಗಾಲದವರೆಗೂ ನೆಲದ ಮೇಲೇ ಮಲಗಿದೆವು, ತಲೆಯ ಹತ್ತಿರ ಎರಡು ಕಡೆ ಎರಡು ಕಾವಲುಗಾರರ ಹಾಗೆ ಅವು. ಹಾಡು ಹಾಕಿ ಇವರು ತೋರುಬೆರಳೆತ್ತುತ್ತಿದ್ದರು. "ಈಗ ಬರುತ್ತೆ ನೋಡು... ಬಂತು! ಕೇಳಿಸ್ತಾ?" ನನಗೆ ಹಾಡು ಕೇಳುತ್ತಿತ್ತು, ಅವರು ಹೇಳಿದ್ದು ಕೇಳುತ್ತಿರಲಿಲ್ಲ. ಕೇಳಿಸಿತು ಅನ್ನುತ್ತಿದ್ದೆ. ಸುಳ್ಳೆಂದು ಅವರಿಗೂ ಗೊತ್ತಿತ್ತು. ಆದರೂ ಪ್ರತಿ ಸಲ ಬೆರಳೆತ್ತುತ್ತಿದ್ದರು.

ಕೊನೆಯಲ್ಲಿ ಮಾತ್ರ ತಲೆಯಾಡಿಸಿ, "ಎಲ್ಲ ಚೆನ್ನಾಗಿದೆ. ಆದ್ರೆ ಕೆಳಗೇನೋ ಕಮ್ಮಿ," ಅನ್ನುತ್ತಿದ್ದರು.

ಅದಕ್ಕಾಗಿ ಏನೇನು ಮಾಡಲಿಲ್ಲ! ಸ್ಪೀಕರಿನ ಕೆಳಗೆ ಕಲ್ಲು ಇಟ್ಟರು. ಗೋಡೆಗೆ ಹತ್ತಿರ ಮಾಡಿದರು, ದೂರ ಮಾಡಿದರು. ಮೂರು ಮನೆ ಬದಲಿಸಿದೆವು, ಪ್ರತಿ ಮನೆಯಲ್ಲೂ ಮೊದಲು ಕಟ್ಟು ಬಿಚ್ಚುತ್ತಿದ್ದದ್ದು ಇವನ್ನೇ, ಅಡುಗೆ ಪಾತ್ರೆ ಆಮೇಲೆ. ಪೇಟೆಗೆ ಹೋದರೆ ಸ್ಟೀರಿಯೋ ಅಂಗಡಿಯೊಳಗೆ ಹೊಕ್ಕು ಬೇರೆಯವರ ಸೆಟ್ಟು ಕೇಳುತ್ತ ನಿಲ್ಲುವರು. ನಾನು ಹೊರಗೆ ಕೈಚೀಲ ಹಿಡಿದು ಕಾಯುವವಳು. ಹೊರಗೆ ಬಂದಾಗ ಅವರ ಮುಖ, ಮನೆಯಲ್ಲಿ ಏನೋ ಮರೆತು ಬಂದವರ ಹಾಗಿರುತ್ತಿತ್ತು.

ಇದಕ್ಕೂ ಅಚ್ಚುಕೂಟಕ್ಕೂ ಸಂಬಂಧವಿದೆಯೋ ಇಲ್ಲವೋ ನಾನು ಹೇಗೆ ಹೇಳಲಿ? ಹಾಗೆ ಹೇಳಿದರೆ ಅವರೇ ನಗುತ್ತಿದ್ದರು. ಆದರೆ ಅತ್ತೆ ನೆಲ ತಟ್ಟಿದ ಆ ಸದ್ದು ಮೊನ್ನೆಯಿಂದ ನನ್ನ ಜೊತೆಗೇ ಬಸ್ಸು ಹತ್ತುತ್ತಿದೆ, ಇಳಿಯುತ್ತಿದೆ.

ಜೂನ್ 20, ಶುಕ್ರವಾರ

ಪೆಟ್ಟಿಗೆಯ ಬೆನ್ನಿನಲ್ಲಿ ಎರಡು ನಾಬು, ಒಂದು ಸ್ವಿಚ್ಚು. ಒಂದು ನಾಬು ದನಿ ಎಷ್ಟು ಜೋರು ಎಂಬುದಕ್ಕೆ. ಇನ್ನೊಂದು, ಯಾವ ಮಟ್ಟದಿಂದ ಕೆಳಗಿನ ದಪ್ಪ ದನಿ ಇದರ ಪಾಲು ಎಂಬುದಕ್ಕೆ. ಸ್ವಿಚ್ಚಿಗೆ ಮಾತ್ರ ಎರಡೇ ತುದಿ, ಸೊನ್ನೆ ಮತ್ತು ನೂರೆಂಬತ್ತು. ದೊಡ್ಡ ಸ್ಪೀಕರುಗಳು ಗಾಳಿಯನ್ನು ಮುಂದಕ್ಕೆ ತಳ್ಳುವಾಗ ಇದೂ ಮುಂದಕ್ಕೆ ತಳ್ಳಬೇಕು. ಅವು ತಳ್ಳುವಾಗ ಇದು ಎಳೆದುಕೊಂಡರೆ ಎರಡೂ ಸೇರಿ ಸೊನ್ನೆ. ಯಾವುದು ಸರಿ ಎಂದು ಕುರ್ಚಿಯಲ್ಲಿ ಕೂತವರೇ ಹೇಳಬೇಕು. ಒಬ್ಬರು ಹಿಂದೆ ಸ್ವಿಚ್ಚು ಬದಲಿಸಬೇಕು. ಒಬ್ಬಳಿಂದ ಆಗದ ಕೆಲಸ.

"ಅತ್ತೆ, ಒಂದು ನಿಮಿಷ ಅಲ್ಲಿ ಕೂತ್ಕೊಳ್ತೀರಾ?"

"ಅವನ ಕುರ್ಚೀಲಾ?"

"ಹೂಂ."

ಸೆರಗಿನಿಂದ ಕುರ್ಚಿಯ ಕೈಗಳನ್ನು ಒರೆಸಿದರು. ಧೂಳಿರಲಿಲ್ಲ, ನಾನು ದಿನಾ ಒರೆಸುತ್ತೇನೆ. ಆಮೇಲೆ ಕೂತರು, ಬಸ್ಸಿನಲ್ಲಿ ಬೇರೆಯವರ ಸೀಟಿನಲ್ಲಿ ಕೂತ ಹಾಗೆ ತುದಿಯಲ್ಲಿ.

"ಇದಾ?" ಸ್ವಿಚ್ಚು ಬದಲಿಸಿ, "ಇದಾ?"

"ಇನ್ನೊಂದ್ಸಲ."

"ಇದಾ... ಇದಾ?"

ಕಣ್ಣು ಮುಚ್ಚಿಕೊಂಡು ಹೇಳಿದರು: "ಮೊದಲನೇದು. ಎರಡನೇದರಲ್ಲಿ ಯಾರೋ ಒಳಗೆ ಬರಲೋ ಬೇಡ್ವೋ ಅಂತ ಬಾಗಿಲಾಚೆ ನಿಂತ ಹಾಗಿದೆ."

ನನ್ನ ಅಂಗಡಿಗೆ ಬರುವವರಲ್ಲಿ ಇಷ್ಟು ಚೆನ್ನಾಗಿ ಹೇಳುವವರು ಒಬ್ಬರೂ ಇಲ್ಲ.

ಎರಡನೆಯ ನಾಬು ಅಷ್ಟು ಬೇಗ ಬಗ್ಗಲಿಲ್ಲ. ಮೇಲಕ್ಕೆ ತಿರುಗಿಸಿದರೆ ಹಾಡುವ ಗಂಡಸಿನ ಗಂಟಲೂ ಇದರಲ್ಲಿ ಸೇರಿಕೊಂಡು ನೆಗಡಿಯಾದವನ ಹಾಗೆ ಕೇಳುತ್ತದೆ. ಪೂರ್ತಿ ಕೆಳಗೆ ತಂದರೆ ಸ್ಪೀಕರಿಗೂ ಇದಕ್ಕೂ ನಡುವೆ ಹಳ್ಳ. "ನೆಗಡಿ ಹೋಯ್ತಾ ಅತ್ತೆ?" "ಇನ್ನೂ ಮೂಗು ಸೊರ್ ಅಂತಿದೆ." "ಈಗ?" "ಈಗ ವಾಸಿ." ಪಾಪ, ಹಾಡಿದವನು ಕೇಳಿಸಿಕೊಂಡಿದ್ದರೆ!

ನಾನು ಎದ್ದು ಬಂದು ನೋಡುವಾಗ ಅತ್ತೆ ಕುರ್ಚಿಗೆ ಪೂರ್ತಿ ಒರಗಿಕೊಂಡಿದ್ದರು.

ಜೂನ್ 22, ಭಾನುವಾರ

ಇವತ್ತು ಮೇಷ್ಟ್ರನ್ನು ಸೇರಿಸಿಕೊಂಡೆವು. ಅವರ ಲೋಟಗಳೇ ನಮ್ಮ ಅಳತೆ. ಅವರು ಕೆಳಗೆ ಫೋನ್ ಹಿಡಿದು ಶೆಲ್ಫಿನ ಮುಂದೆ ನಿಂತರು, ನಾನು ಇಲ್ಲಿ ನಾಬು ತಿರುಗಿಸಿದೆ. "ಮಾತಾಡ್ತಿವೆ... ಪಿಸುಗುಡ್ತಿವೆ... ಹಾಂ, ಈಗ ಶಿಸ್ತಾಗಿ ಕೂತಿವೆ." ಆಮೇಲೆ ಮೇಲೆ ಬಂದು ಚಹಾ ಕುಡಿದು, ಯಾವುದೋ ಹಳೆಯ ಹಾಡು ಹಾಕಿಸಿಕೊಂಡು, ಕಣ್ಣು ಒದ್ದೆ ಮಾಡಿಕೊಂಡು ಹೋದರು. ಯಾಕೆಂದು ನಾವು ಕೇಳಲಿಲ್ಲ.

ಟೇಪು ಬಂದು ನೋಡಿ ಬೆರಗಾದ. ಅವನು ಬಾಯಿ ಮುಚ್ಚಿಕೊಂಡು ಒಂದು ಇಡೀ ಹಾಡು ಕೇಳಿದ್ದನ್ನು ಮೊದಲ ಸಲ ನೋಡಿದೆ. "ಪೆಟ್ಟಿಗೆ ಇದೆ ಅಂತಾನೇ ಗೊತ್ತಾಗ್ತಿಲ್ಲ ಅತ್ತಿಗೆ. ಹಾಗೇ ಇರಬೇಕು. ಅವನು ಇದ್ದಿದ್ರೆ..." ಎಂದು ಅರ್ಧಕ್ಕೆ ನಿಲ್ಲಿಸಿದ. ಅತ್ತೆ ಎದ್ದು ಅವನಿಗೆ ಇನ್ನೊಂದು ಲೋಟ ಚಹಾ ತಂದರು.

ಗಿರಾಕಿ ಮಂಗಳವಾರ ಬರುತ್ತಾನಂತೆ.

ಇನ್ನೊಂದು ವಿಷಯ. ಇವರು ಬೆರಳೆತ್ತುತ್ತಿದ್ದ ಆ ಹಾಡನ್ನು ಹಾಕಿದೆ. ಅವರು ಹೇಳುತ್ತಿದ್ದದ್ದು ಕೇಳಿಸಿತು. ಚರಣ ಮುಗಿದು ಪಲ್ಲವಿ ಶುರುವಾಗುವ ಮೊದಲು, ಎಲ್ಲ ವಾದ್ಯಗಳೂ ಸುಮ್ಮನಾದಾಗ, ಅಡಿಯಲ್ಲಿ ಒಂದು ತಂತಿ ಒಬ್ಬೊಂಟಿಯಾಗಿ ನಾಲ್ಕು ಹೆಜ್ಜೆ ಕೆಳಗಿಳಿಯುತ್ತದೆ. ಇಷ್ಟೇ. ಇದನ್ನು ನನಗೆ ತೋರಿಸಲು ಅಷ್ಟು ವರ್ಷ.

ಕೇಳಿಸಿತು ಕಣ್ರೀ.

ಜೂನ್ 24, ಮಂಗಳವಾರ

ಎಡವಟ್ಟಾಯಿತು.

ಟೇಪುವಿನ ಜೊತೆ ವ್ಯಾಯಾಮಶಾಲೆಯವನು ಬಂದ. ಕೆಟ್ಟವನಲ್ಲ, ನಗುನಗುತ್ತಲೇ ಬಂದ, ಚಪ್ಪಲಿ ಹೊರಗೇ ಬಿಟ್ಟ. ಕುರ್ಚಿಯಲ್ಲಿ ಅತ್ತೆ ಕೂತಿದ್ದರು. ಹಾಡು ಹಾಕಿದೆ. ಅರ್ಧ ನಿಮಿಷ ಕೇಳಿ, "ಇಷ್ಟೇನಾ? ಇದರಲ್ಲಿ ದಮ್ಮೇ ಇಲ್ವಲ್ಲ," ಎಂದು ಬಗ್ಗಿ ಪೆಟ್ಟಿಗೆಯ ಬೆನ್ನಿನ ಎರಡೂ ನಾಬುಗಳನ್ನು ಕೊನೆಯವರೆಗೆ ತಿರುಗಿಸಿಬಿಟ್ಟ. ಗುಂಯ್! ಅತ್ತೆ ಎರಡೂ ಕೈಯಿಂದ ಕುರ್ಚಿ ಹಿಡಿದುಕೊಂಡರು.

"ಹಾಂ, ಇದು! ಆ ಎರಡು ಮರದ ಪೆಟ್ಟಿಗೆಗಳಿಗೆ ಕೆಂಪು ಬಣ್ಣ ಹೊಡೆಸಿಬಿಡ್ತೀನಿ. ಯಾವಾಗ ಗಾಡಿ ಕಳಿಸ್ಲಿ?"

ನಾನು ಹೋಗಿ ಸ್ವಿಚ್ಚು ಆರಿಸಿದೆ. "ನಾಳೆ ಕಳಿಸಿ" ಅನ್ನಬೇಕಿತ್ತು. ನನ್ನ ಬಾಯಿಂದ ಬಂದದ್ದು ಬೇರೆ: "ಈಗ ಕೊಡೋಕಾಗಲ್ಲ. ನಮ್ಮತ್ತೆ ಇನ್ನೂ ಕೇಳಿ ಮುಗಿಸಿಲ್ಲ."

ಟೇಪು ನನ್ನ ಮುಖ ನೋಡಿದ. ಅತ್ತೆ ಕಿಟಕಿಯ ಹೊರಗೆ ನೋಡಿದರು.

ಆ ಮನುಷ್ಯನ ರೀತಿ ನನಗೆ ಹಿಡಿಸಲಿಲ್ಲ, ಅಷ್ಟೇ. ಬೇರೆ ಗಿರಾಕಿ ಸಿಕ್ಕರೆ ಕೊಡುವುದೇ. ಅವನು ಹೋದ ಮೇಲೆ ನಾಬುಗಳನ್ನು ಮತ್ತೆ ಮೊದಲಿನ ಜಾಗಕ್ಕೆ ತರಲು ಇಬ್ಬರಿಗೂ ಒಂದು ಗಂಟೆ ಹಿಡಿಯಿತು.

ಜೂನ್ 27, ಶುಕ್ರವಾರ

ಬೆಳಿಗ್ಗೆಯಿಂದ ಯಾವುದೂ ಸರಿಯಿಲ್ಲ. ಬಸ್ಸು ತಪ್ಪಿತು. ಒಬ್ಬರ ಗಾಜು ಇನ್ನೊಬ್ಬರ ಫ್ರೇಮಿಗೆ ಹಾಕಿದೆ. ಮನೆಗೆ ಬಂದರೆ ಅತ್ತೆ ಸೂಟ್‌ಕೇಸ್ ತೆರೆದು ಸೀರೆ ಜೋಡಿಸುತ್ತಿದ್ದರು. ಬಿ.ಪಿ. ಮಾತ್ರೆಯ ಡಬ್ಬಿಯನ್ನು ಎಲ್ಲಕ್ಕಿಂತ ಅಡಿಯಲ್ಲಿ ಹಾಕಿದ್ದು ಕಂಡು ತಡೆಯಲಾಗಲಿಲ್ಲ.

"ಮಾತ್ರೆ ಅಡಿಯಲ್ಲಿ ಹಾಕಿದ್ರೆ ದಾರೀಲಿ ತೆಗೆಯೋದು ಹೇಗೆ? ಸ್ವಲ್ಪನಾದ್ರೂ ಯೋಚನೆ ಬೇಡ್ವಾ? ಅಲ್ಲಿ ಇದನ್ನೆಲ್ಲ ಯಾರು ನೋಡ್ತಾರೆ?"

"ಹೋಗೋಳನ್ನ ಯಾಕೆ ಬೈತೀಯಾ?" ಎಂದರು ಅತ್ತೆ ಮೆಲ್ಲಗೆ.

ನಾನು ಬೈದದ್ದಲ್ಲ, ಇದ್ದದ್ದು ಹೇಳಿದೆ. ತಲೆನೋವು. ಊಟ ಬೇಡ ಎಂದು ಬಂದು ಕೂತಿದ್ದೇನೆ. ಆ ಕಡೆಯಿಂದಲೂ ಪಾತ್ರೆಯ ಸದ್ದಿಲ್ಲ, ಅವರೂ ಉಂಡಿಲ್ಲವೋ ಏನೋ.

ಹೋಗಿ ನೋಡಬೇಕು.

ಜೂನ್ 29, ಭಾನುವಾರ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ನಾದಿನಿ ಹನ್ನೊಂದಕ್ಕೆ ಬಂದಳು. ಬಿಸಿಲು ಇನ್ನಷ್ಟು ಏರುವ ಮೊದಲು ಹೊರಡಬೇಕೆಂಬ ಗಡಿಬಿಡಿ. ಸೂಟ್‌ಕೇಸ್ ಬಾಗಿಲಿಗೆ ಬಂದಿತ್ತು. ಅತ್ತೆ ಹೊಸ ಸೀರೆ ಉಟ್ಟು ಕುರ್ಚಿಯಲ್ಲಿ ಕೂತಿದ್ದರು. ಹಾಡು ಓಡುತ್ತಿತ್ತು. ಬೆಳಿಗ್ಗೆ ಎದ್ದ ತಕ್ಷಣ ನಾನೇ ಹಾಕಿದ್ದೆ.

"ಹೊರಡೋಣ್ವಾ ಅಮ್ಮ?"

"ಈ ಹಾಡು ಮುಗೀಲಿ."

ಮುಗಿಯಿತು. ಇನ್ನೊಂದು ಶುರುವಾಯಿತು.

"ಅಮ್ಮಾ..."

"ಇದೂ ಮುಗೀಲಿ."

ನಾದಿನಿ ನನ್ನ ಕಡೆ ನೋಡಿ ಹುಬ್ಬೇರಿಸಿದಳು. ಅವಳೂ ಸೋಫಾದ ತುದಿಯಲ್ಲಿ ಕೂತಳು. ಸ್ವಲ್ಪ ಹೊತ್ತಿಗೆ ಕೈಯಲ್ಲಿದ್ದ ಕಾರಿನ ಕೀಲಿ ತಿರುಗಿಸುವುದನ್ನು ನಿಲ್ಲಿಸಿದಳು. "ಅಣ್ಣನ ಸೆಟ್ಟು ಹೀಗಿತ್ತಾ? ಮೊದಲು ಹೀಗೆ ಕೇಳ್ತಿರಲಿಲ್ಲ," ಎಂದಳು. ಆಮೇಲೆ, "ಅಮ್ಮಂಗೆ ಇಷ್ಟು ಇಷ್ಟ ಆಗಿದ್ರೆ ಅವರ ಜೊತೆಗೇ ಕೊಟ್ಟುಬಿಡಿ ಅತ್ತಿಗೆ. ಹೇಗೂ ನೀವು ಮಾರೋರಿದ್ರಿ. ಡಿಕ್ಕೀಲಿ ಜಾಗ ಇದೆ."

ಮಾತು ನ್ಯಾಯವಾದದ್ದೇ. ನಾನು ಎದ್ದೆ. ಆಂಪ್ಲಿಫೈಯರ್ ಆರಿಸಿ, ಹಿಂದೆ ಕೂತು ಮೊದಲ ವೈರಿನ ತಿರುಪಿಗೆ ಕೈ ಹಾಕಿದೆ.

"ಬಿಚ್ಚಬೇಡ," ಎಂದರು ಅತ್ತೆ.

"ಯಾಕಮ್ಮ?" ಎಂದಳು ನಾದಿನಿ.

"ಅಲ್ಲಿಗೆ ತಗೊಂಡು ಹೋದ್ರೆ ಮತ್ತೆ ಮೊದಲಿಂದ ಜಾಗ ಹುಡುಕಬೇಕು. ಯಾರು ಅಂಬೆಗಾಲಿಡ್ತಾರೆ? ನೀನಿಡ್ತೀಯಾ?"

"ನಾನ್ಯಾಕೆ ಅಂಬೆಗಾಲಿಡ್ಲಿ?"

"ನೋಡಿದ್ಯಾ!" ಎಂದರು ಅತ್ತೆ, ನನ್ನ ಕಡೆ ತಿರುಗಿ.

ಕೆಳಗೆ ಮೇಷ್ಟ್ರು ಬಾಗಿಲು ತೆಗೆದು ಮುಚ್ಚಿದ್ದು ಕೇಳಿಸಿತು. ನಾನು ವೈರು ಹಿಡಿದು ನೆಲದ ಮೇಲೆ ಕೂತಿದ್ದೆ, ಅತ್ತೆ ಕುರ್ಚಿಯಲ್ಲಿ. ನಡುವೆ ಮಾತು ದಾಟಿಸಲು ಯಾರೂ ಇರಲಿಲ್ಲ. ನಾದಿನಿಗೆ ಅದು ಬರುವುದಿಲ್ಲ, ಅವಳು ಎಲ್ಲವನ್ನೂ ಪೂರ್ತಿ ದಾಟಿಸುವವಳು.

"ಹಾಗಾದ್ರೆ ಇಲ್ಲೇ ಇರಿ," ಎಂದೆ.

ಅತ್ತೆಗೆ ಮೊದಲ ಸಲಕ್ಕೆ ಕೇಳಿಸಲಿಲ್ಲವೋ, ಕೇಳಿಸಿಯೂ ಸುಮ್ಮನಿದ್ದರೋ. ಕಿವಿಯ ಹಿಂದೆ ಕೈಯಿಟ್ಟರು.

"ಏನಂದೆ? ಹೇಳ್ತಾ ಇದೀಯೋ, ಕೇಳ್ತಾ ಇದೀಯೋ?"

"ಕೇಳ್ತಾ ಇದೀನಿ ಅತ್ತೆ."

ಅತ್ತೆ ತಮ್ಮ ಅಂಗೈ ನೋಡಿಕೊಂಡರು. ಆಮೇಲೆ ಮಗಳಿಗೆ, "ಆ ರೂಮಿಗೆ ಹೊಡೆಸಿದ ಬಣ್ಣ ದಂಡವಾಯ್ತಲ್ಲೇ," ಎಂದರು.

ನಾದಿನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಿದಳು. "ನಿಮ್ಮಿಬ್ಬರನ್ನ ನಂಬಿದ ನನಗೆ ಬುದ್ಧಿ ಇಲ್ಲ," ಎಂದು ಸೂಟ್‌ಕೇಸನ್ನು ತಾನೇ ಒಳಗೆ ತಂದಿಟ್ಟಳು. ಮೂವರೂ ಉಂಡೆವು. ಬಿಸಿಲಿಳಿದ ಮೇಲೆ ಹೊರಟಳು. ಹೋಗುವಾಗ ಮೆಟ್ಟಿಲಲ್ಲಿ ನನ್ನ ಕೈ ಹಿಡಿದು, "ಜಗಳ ಆದ್ರೆ ಫೋನ್ ಮಾಡಿ," ಎಂದಳು.

ಜುಲೈ 13, ಭಾನುವಾರ

ಮನೆ ದಲ್ಲಾಳಿ ಫೋನ್ ಮಾಡಿ, ಅಂಗಡಿಯ ಹಿಂದಿನ ಬೀದಿಯಲ್ಲಿ ನೆಲಮಹಡಿಯ ಮನೆಯೊಂದು ಖಾಲಿಯಿದೆ ಎಂದ. "ಒಬ್ಬರೇ ಅಂದಿದ್ರಲ್ಲ, ಇದು ಎರಡು ರೂಮಿಂದು, ಪರವಾಗಿಲ್ವಾ?"

"ನಾವಿಬ್ಬರಿದ್ದೀವಿ. ನಾನು, ನಮ್ಮತ್ತೆ."

"ಯಜಮಾನರು?"

"ತೀರಿಕೊಂಡ್ರು," ಎಂದೆ. ಹೇಳಿ, ಬಾಡಿಗೆ ಎಷ್ಟೆಂದು ಕೇಳಿದೆ.

ಸಂಜೆ ಇಬ್ಬರೂ ಹೋಗಿ ನೋಡಿ ಬಂದೆವು. ಹಾಲ್ ಉದ್ದಕ್ಕಿದೆ, ನೆಲ ಗಟ್ಟಿ. ಅತ್ತೆ ನಡುವೆ ನಿಂತು ಕಾಲಿನಿಂದ ಎರಡು ಸಲ ನೆಲ ಕುಟ್ಟಿ ನೋಡಿದರು. "ಕೆಳಗೆ ಯಾರ ಲೋಟಾನೂ ಇಲ್ಲ," ಎಂದು ಸಮಾಧಾನಪಟ್ಟರು. ದಲ್ಲಾಳಿ ಪೆಚ್ಚುಪೆಚ್ಚಾಗಿ ನಕ್ಕ.

ತೊಂದರೆ ಇರುವುದು ಒಂದೇ. ಎರಡು ರೂಮುಗಳಲ್ಲಿ ಒಂದಕ್ಕೆ ಮಾತ್ರ ಬೀದಿಯ ಕಡೆ ದೊಡ್ಡ ಕಿಟಕಿ, ಆಚೆ ಒಂದು ಮರ. ವಯಸ್ಸಾದವಳು, ಗಾಳಿ ಬೆಳಕು ಬೇಕು, ಅದು ತನಗೇ ಎಂದು ಅತ್ತೆ ಹಟ ಹಿಡಿದಿದ್ದಾರೆ. ಬೆಳಗಿನಿಂದ ಸಂಜೆಯವರೆಗೆ ಗಾಜಿನೊಳಗೆ ಕಣ್ಣು ನೆಟ್ಟು ಬರುವವಳು ನಾನು, ನನಗೂ ನಾಲ್ಕು ಎಲೆ ನೋಡುವ ಆಸೆಯಿರುವುದಿಲ್ಲವೇ? ಬಸ್ಸಿನಲ್ಲಿ ದಾರಿಯುದ್ದಕ್ಕೂ ಇದೇ ವಾದ. ಪಕ್ಕದ ಸೀಟಿನವರು ತಿರುಗಿ ತಿರುಗಿ ನೋಡಿದರು. ಈಗ ಅಡುಗೆಮನೆಯಿಂದ ಇನ್ನೂ ಏನೋ ಹೇಳುತ್ತಿದ್ದಾರೆ, ನನಗೆ ಕೇಳಲಿ ಎಂದು ಜೋರಾಗಿಯೇ.

ಅವರು ಏನೇ ಹೇಳಲಿ, ನಾನಂತೂ ಆ ಕಿಟಕಿ ಬಿಟ್ಟುಕೊಡುವುದಿಲ್ಲ.